ಬರೆಯಿಸಿಕೊಂಡ ರಾಜೀನಾಮೆ

ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿಯೂ ಇರುವ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ನೌಕರನೊಬ್ಬನನ್ನು ಕೆಲಸದಿಂದ ತೆಗೆಯುವ ಕಾರ್ಯವು ಬಹುಮಟ್ಟಿಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಎಚ್.ಆರ್. ವಿಭಾಗದಿಂದ ಇದ್ದಕ್ಕಿದ್ದಂತೆ ಮೀಟಿಂಗಿಗೆ ಕರೆ ಬರುತ್ತದೆ. ಅದುವರೆಗೆ ಹುಟ್ಟುಹಬ್ಬದ ಶುಭಾಶಯವನ್ನೂ ದೀಪಾವಳಿಯ ಉಡುಗೊರೆಯನ್ನೂ ಕಳುಹಿಸುತ್ತಿದ್ದ ಅಧಿಕಾರಿಯೇ ಎದುರಿಗೆ ಕುಳಿತು, "ನೀವೇ ಪೇಪರ್ ಹಾಕಿಬಿಡಿ, ರಿಲೀವಿಂಗ್ ಲೆಟರ್‌ಗೆ ಏನೂ ತೊಂದರೆ ಆಗಲ್ಲ" ಎಂದು ಸೌಮ್ಯವಾಗಿಯೇ ಹೇಳುತ್ತಾರೆ. ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ, ಮುಂದಿನ ಸಂಸ್ಥೆಯವರು ನಡೆಸುವ ಪೂರ್ವವೃತ್ತಾಂತದ ಪರಿಶೀಲನೆ, ಇವೆಲ್ಲ ಒಂದೇ ಕ್ಷಣದಲ್ಲಿ ಕಣ್ಣಮುಂದೆ ಬಂದು ನಿಲ್ಲಲು, ಆ ನೌಕರನು ತಾನು ಬಯಸದ ಬಿಡುಗಡೆಯನ್ನು ತಾನೇ ಬೇಡಿಕೊಂಡಂತೆ ಬರೆದುಕೊಟ್ಟು ಹೊರಬರುತ್ತಾನೆ.

ವ್ಯಾಪಾರ ಕುಗ್ಗಿದಾಗ ನೌಕರರ ಸಂಖ್ಯೆಯನ್ನು ಕುಗ್ಗಿಸುವುದು ಸಂಸ್ಥೆಗೆ ಅನಿವಾರ್ಯವಾಗಬಹುದೆಂಬುದನ್ನು ಒಪ್ಪೋಣ. ಆದರೆ ಯಜಮಾನನ ನಿರ್ಧಾರವನ್ನು ನೌಕರನ ಇಚ್ಛೆಯೆಂದು ದಾಖಲೆಯಲ್ಲಿ ಬರೆಯಿಸುವುದು ಅಸತ್ಯ. ಆ ಅಸತ್ಯಕ್ಕೆ ಸಹಿ ಹಾಕುವ ಹೊಣೆ ಕೆಲಸ ಕಳೆದುಕೊಳ್ಳುವವನ ಮೇಲೆ ಬೀಳಕೂಡದು.

ಇದರಲ್ಲಿ ಮನಸ್ಸಿನ ನೋವಿನೊಡನೆ ಹಣದ ನಷ್ಟವೂ ಉಂಟು. ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸನ್ನಾಗಲಿ ಅದರ ಬದಲು ಸಂಬಳವನ್ನಾಗಲಿ ಕೊಡತಕ್ಕದ್ದು, ಸೇವೆಯ ಪ್ರತಿಯೊಂದು ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಸಲ್ಲಿಸತಕ್ಕದ್ದು ಎಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ವಿಧಿಸಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ತಾನಾಗಿ ಬಿಟ್ಟುಹೋದವನಿಗೆ ಈ ಪರಿಹಾರವಿಲ್ಲ. ಹತ್ತು ವರ್ಷ ದುಡಿದವನು ಒಂದು ಸಾಲಿನ ಮಿಂಚಂಚೆಯಿಂದ ಐದು ತಿಂಗಳ ಸಂಬಳವನ್ನು ಬಿಟ್ಟುಕೊಟ್ಟಂತಾಗುತ್ತದೆ. "ನೀವು ಇಂಜಿನಿಯರು, ಕಾರ್ಮಿಕರಲ್ಲ" ಎಂಬ ಉತ್ತರ ಬರುವುದುಂಟು. ಆಡಳಿತದ ಅಧಿಕಾರವುಳ್ಳವರು ಕಾನೂನಿನ ವ್ಯಾಪ್ತಿಗೆ ಬಾರರೆಂಬುದು ನಿಜವಾದರೂ ತಾಂತ್ರಿಕ ಕೆಲಸವು ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ಹುದ್ದೆಯ ಹೆಸರಿಗಿಂತ ಕೆಲಸದ ಸ್ವರೂಪವನ್ನೇ ನೋಡಬೇಕೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಐ.ಟಿ. ಉದ್ಯಮಕ್ಕೆ ಯಾವ ಕಾರ್ಮಿಕ ಕಾನೂನೂ ಅನ್ವಯಿಸದೆಂಬ ನಂಬಿಕೆಯೂ ಹಬ್ಬಿಕೊಂಡಿದೆ. ಆದರೆ ಕರ್ನಾಟಕ ಸರ್ಕಾರವು ಅವಧಿಯಿಂದ ಅವಧಿಗೆ ನೀಡುತ್ತ ಬಂದದ್ದು 1946ರ ಸ್ಥಾಯೀ ಆದೇಶಗಳ ಕಾಯಿದೆಯೊಂದರಿಂದ ಮಾತ್ರ ವಿನಾಯಿತಿ. ನೌಕರರನ್ನು ತೆಗೆದಾಗ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತು ಅದಕ್ಕೂ ಇತ್ತು.

ಎಚ್.ಆರ್. ಅಧಿಕಾರಿಯನ್ನು ಶತ್ರುವೆಂದು ಭಾವಿಸುವುದು ಅನ್ಯಾಯ. ಪಟ್ಟಿಯನ್ನು ಸಿದ್ಧಪಡಿಸಿದವರು ಬೇರೆ. ಅದನ್ನು ಓದಿ ಹೇಳುವ ಕಷ್ಟ ಇವರ ಪಾಲಿಗೆ ಬಂದಿದೆ. ಮುಂದಿನ ಪಟ್ಟಿಯಲ್ಲಿ ತಮ್ಮ ಹೆಸರೇ ಇದ್ದೀತೆಂಬ ಭಯ ಅವರಿಗೂ ಇದೆ. ಹಾಗೆಂದು ಅವರನ್ನು ಹಿತೈಷಿಗಳೆಂದು ನಂಬಿ ಸಲಹೆ ಬೇಡುವುದೂ ತರವಲ್ಲ. ವಾದಿಯು ಪ್ರತಿವಾದಿಯ ವಕೀಲನನ್ನು ಎಷ್ಟು ಗೌರವಿಸಿದರೂ ತನ್ನ ವ್ಯಾಜ್ಯವನ್ನು ಅವನ ಕೈಗೆ ಒಪ್ಪಿಸುವುದಿಲ್ಲ.

ಆದುದರಿಂದ ಆ ಕೊಠಡಿಯಲ್ಲಿ ಆಡತಕ್ಕ ಮಾತು ಒಂದೇ: "ನೀವು ಹೇಳಿದ್ದನ್ನು ಮೇಲ್ ಮಾಡಿ, ಯೋಚಿಸಿ ಉತ್ತರ ಕೊಡುತ್ತೇನೆ." ಇದನ್ನು ವಿನಯದಿಂದಲೇ ಹೇಳಬಹುದು, ಎಷ್ಟು ಸಲ ಬೇಕಾದರೂ ಹೇಳಬಹುದು. ಸಂಬಳದ ಚೀಟಿಗಳನ್ನೂ ನೇಮಕಾತಿಯ ಪತ್ರವನ್ನೂ ಮೊದಲೇ ಮನೆಯಲ್ಲಿ ಇಟ್ಟುಕೊಂಡಿರಬೇಕು, ಏಕೆಂದರೆ ಲ್ಯಾಪ್‌ಟಾಪು ಅದೇ ಸಂಜೆ ಮುಚ್ಚಿಹೋಗುತ್ತದೆ. ಐದು ವರ್ಷ ತುಂಬಿದವರು ಗ್ರಾಚುಯಿಟಿಯ ಲೆಕ್ಕವನ್ನು ಬರಹದಲ್ಲಿ ಕೇಳಬೇಕು. ಸಂಸ್ಥೆಯ ಗುಂಪು ಆರೋಗ್ಯವಿಮೆ ಯಾವ ದಿನಕ್ಕೆ ನಿಲ್ಲುತ್ತದೆ, ಅದನ್ನು ಸ್ವಂತದ ಪಾಲಿಸಿಯಾಗಿ ಮುಂದುವರಿಸುವುದು ಹೇಗೆಂಬುದನ್ನೂ ಕೇಳಬೇಕು, ವೃದ್ಧ ತಂದೆತಾಯಿಗಳಿರುವ ಮನೆಯಲ್ಲಿ ಅದೇ ಮೊದಲು. ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಿರುವ ಕಾರ್ಮಿಕ ಭವನದ ಬಾಗಿಲು ಬಟ್ಟೆ ಗಿರಣಿಯವರಿಗೆ ಮಾತ್ರ ತೆರೆದದ್ದೆಂದು ತಿಳಿಯಬೇಕಾಗಿಲ್ಲ. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘವೂ ಇಂಥ ದೂರುಗಳನ್ನು ಅಲ್ಲಿಗೆ ಕೊಂಡೊಯ್ದಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬಾಯಿ ಕಟ್ಟುವುದು ನಾಚಿಕೆ. ಹೆಂಡತಿಗೂ ಹೇಳದೆ ದಿನವೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವ ಗಂಡಸರು ಇಲ್ಲದಿಲ್ಲ. ಕೆಲಸ ಹೋದದ್ದು ಅಪರಾಧವೆಂಬಂತೆ ತಲೆತಗ್ಗಿಸಿದವನು ಹಕ್ಕನ್ನು ಕೇಳುವುದಾದರೂ ಹೇಗೆ?

ಕಾನೂನು ಇನ್ನೊಂದು ಹೆಜ್ಜೆ ಮುಂದೆ ಬರಬೇಕಾಗಿದೆ. ಅಮೆರಿಕದಲ್ಲಿ 40 ವರ್ಷ ದಾಟಿದ ನೌಕರನು ವಯೋಭೇದದ ದಾವೆಯ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಬೇಕಾದರೆ, ಯೋಚಿಸಲು ಕನಿಷ್ಠ 21 ದಿನಗಳ ಅವಕಾಶವನ್ನೂ, ಹಾಕಿದ ಸಹಿಯನ್ನು ಹಿಂತೆಗೆದುಕೊಳ್ಳಲು 7 ದಿನಗಳನ್ನೂ 1990ರ ಕಾನೂನು ಕೊಟ್ಟಿದೆ. ನಮ್ಮ ಊರಿನ ಎಷ್ಟೋ ಕಚೇರಿಗಳ ಮೂಲಸಂಸ್ಥೆಗಳು ಅಮೆರಿಕದವೇ ಆದುದರಿಂದ ಈ ನಿಯಮ ಅವಕ್ಕೆ ಹೊಸದಲ್ಲ. ಸಂಸ್ಥೆಯ ಒತ್ತಾಯದಿಂದ ಕೊಟ್ಟ ರಾಜೀನಾಮೆಯನ್ನು ಒಂದು ವಾರದೊಳಗೆ ಹಿಂಪಡೆಯುವ ಹಕ್ಕನ್ನು ಕರ್ನಾಟಕದ ಕಾರ್ಮಿಕ ಇಲಾಖೆಯು ಕೂಡಲೇ ನಿಯಮವಾಗಿ ತರಬೇಕು. ಉದ್ಯಮ ಓಡಿಹೋದೀತೆಂಬ ಅಂಜಿಕೆಯನ್ನು ಅದಕ್ಕೆ ಅಡ್ಡವಾಗಿ ಒಡ್ಡುವವರು, ಏಳು ದಿನಗಳ ಸಾವಧಾನವು ಯಾವ ಉದ್ಯಮವನ್ನು ಕೆಡಿಸಿತೆಂಬುದನ್ನು ತೋರಿಸಿಕೊಡಲಿ.