ಮತದಾರನ ಪರ ವಾದಿಸುವ ವಕೀಲರು ನಮ್ಮ ಮನೆಗಳಿಂದಲೂ ಬರಲಿ

ಕಾನೂನು ಪದವಿ ಮುಗಿಸಿದ ನಮ್ಮ ಪರಿಚಯದ ಯುವತಿಯೊಬ್ಬಳು ಈಚೆಗೆ ಉದ್ಯೋಗದ ಅರ್ಜಿಯೊಂದರ ಕರಡನ್ನು ನಮ್ಮ ಮುಂದಿಟ್ಟಳು. ಮತದಾರರ ಹಕ್ಕುಗಳಿಗಾಗಿ ದುಡಿಯುವ ಲಾಭರಹಿತ ಸಂಸ್ಥೆಯೊಂದು ವಕೀಲರನ್ನು ಆಹ್ವಾನಿಸಿತ್ತು. ಆಕೆಗೆ ಉತ್ಸಾಹವಿತ್ತು, ಮನೆಯವರಿಗೆ ಇರಲಿಲ್ಲ. ‘ಇಷ್ಟು ವರ್ಷ ಓದಿಸಿದ್ದು ವೋಟರ್ ಲಿಸ್ಟ್ ನೋಡುವುದಕ್ಕೋ?’ ಎಂಬುದು ತಂದೆಯ ಪ್ರಶ್ನೆ. ತಾಯಿಗೆ ರಾಜಕೀಯದ ಭಯ. ಪುತ್ತೂರು, ಸುಳ್ಯ, ಕಡಬದ ನಮ್ಮ ಅನೇಕ ಮನೆಗಳಲ್ಲಿ ಇದೇ ಮಾತು ಕೇಳಿಬಂದೀತು. ಮಕ್ಕಳು ನರ್ಸಿಂಗ್ ಕಲಿತು ವಿದೇಶಕ್ಕೆ ಹೋದರೆ ಹಿಗ್ಗುವ ನಾವು, ಮತದಾರರ ಪಟ್ಟಿಯ ಹಿಂದೆ ಬೀಳುವ ವಕೀಲವೃತ್ತಿಯನ್ನು ವೃತ್ತಿಯೆಂದೇ ಎಣಿಸುವುದಿಲ್ಲ.

ಆದರೆ ಆ ಪಟ್ಟಿಯಲ್ಲಿ ಏನು ನಡೆಯಬಹುದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಬೇಕೆಂದು ಕೋರುವ ನಮೂನೆ 7ರ 6,018 ಅರ್ಜಿಗಳು ಆನ್‌ಲೈನ್ ಮೂಲಕ ಸಲ್ಲಿಕೆಯಾದವು. ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. ಮತದಾರನಿಗೂ ತಿಳಿಯದೆ, ಅರ್ಜಿದಾರನೆಂದು ಹೆಸರಿಸಲ್ಪಟ್ಟವನಿಗೂ ತಿಳಿಯದೆ ಅರ್ಜಿಗಳು ಹೋಗಿದ್ದವು. ಸಕಾಲದಲ್ಲಿ ಗಮನಕ್ಕೆ ಬಂದುದರಿಂದ ಹೆಸರುಗಳು ಉಳಿದವು. ಗಮನಕ್ಕೆ ಬಾರದೆ ಹೋಗಿದ್ದರೆ ಆ ಜನರು ಮತದಾನದ ದಿನ ಮತಗಟ್ಟೆಯ ಬಾಗಿಲಿನಿಂದ ಹಿಂದಿರುಗಬೇಕಾಗುತ್ತಿತ್ತು.

ಬಿಹಾರದ ಸಂಗತಿ ಇನ್ನೂ ದೊಡ್ಡದು. 2025ರಲ್ಲಿ ಅಲ್ಲಿ ನಡೆದ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ ಬಳಿಕ, ಆಗಸ್ಟ್ 1ರಂದು ಪ್ರಕಟವಾದ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಮೃತರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಕಾರಣ ಕೊಟ್ಟಿತು. ಆದರೆ ಯಾರ ಹೆಸರು ಯಾವ ಕಾರಣಕ್ಕೆ ಹೋಯಿತು? ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆ ಮತ್ತಿತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರಿಂದಲೇ, ಕೈಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂಬ ಆದೇಶ ಆಗಸ್ಟ್ 14ರಂದು ಹೊರಬಿತ್ತು. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನೂ ಆಸ್ತಿಯನ್ನೂ ಘೋಷಿಸುವಂತಾದುದು ಇದೇ ಸಂಸ್ಥೆಯ ಮೊಕದ್ದಮೆಯಲ್ಲಿ 2002ರಲ್ಲಿ ಬಂದ ತೀರ್ಪಿನಿಂದ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ವಕೀಲರಿಲ್ಲದೆ ಇದಾವುದೂ ನಡೆಯುತ್ತಿರಲಿಲ್ಲ.

ದೂರದ ಮಾತು ಬಿಡೋಣ. ಪುತ್ತೂರು ಒಂದು ಕ್ಷೇತ್ರ. ಕಡಬ ತಾಲೂಕಿನ ಬಹುಪಾಲು ಗ್ರಾಮಗಳು ಮೀಸಲು ಕ್ಷೇತ್ರವಾದ ಸುಳ್ಯಕ್ಕೆ ಸೇರಿವೆ. ಈ ಎರಡು ಕ್ಷೇತ್ರಗಳಲ್ಲಿ ಪಟ್ಟಿಯ ತೊಡಕುಗಳಿಗೆ ಕೊರತೆಯೇನೂ ಇಲ್ಲ. ರಬ್ಬರ್ ತೋಟಕ್ಕೆಂದು ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ಕೆಲವರ ಹೆಸರು ಹಳೆಯ ಊರಿನಲ್ಲಿಯೂ ಉಳಿದಿರಬಹುದು. ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಹೆಸರಿರಬಾರದೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆವಾಸವೂ ಉಂಟು. ಕಾನ್ವೆಂಟಿನಿಂದ ಕಾನ್ವೆಂಟಿಗೆ ವರ್ಗವಾಗುವ ಧರ್ಮಭಗಿನಿಯರ ಹೆಸರು ಎಲ್ಲಿಯೂ ಇಲ್ಲದಂತಾಗುವುದುಂಟು. ದುಬೈ, ಕುವೈತ್‌ಗಳಲ್ಲಿರುವ ಮಕ್ಕಳು ನಮೂನೆ 6ಎ ಸಲ್ಲಿಸಿ ಊರಿನ ಪಟ್ಟಿಯಲ್ಲಿ ಸಾಗರೋತ್ತರ ಮತದಾರರಾಗಬಹುದು, ಆದರೆ ಮತ ಹಾಕಲು ಖುದ್ದಾಗಿ ಊರಿಗೆ ಬರಬೇಕು. ಕೆಲಸಕ್ಕೆಂದು ತಾತ್ಕಾಲಿಕವಾಗಿ ಮುಂಬಯಿಗೆ ಹೋದವನು ಅಷ್ಟರಿಂದಲೇ ಊರಿನ ನಿವಾಸಿಯಾಗಿ ಉಳಿಯದೆ ಹೋಗುವುದಿಲ್ಲ. ಆದರೆ ಹಳ್ಳಿಯಲ್ಲಿ ಮನೆಯಿದೆ ಎಂಬುದೊಂದೇ ಕಾರಣಕ್ಕೆ ಅಲ್ಲಿನ ನಿವಾಸಿಯೂ ಆಗುವುದಿಲ್ಲ. ಇಂಥ ಸೂಕ್ಷ್ಮಗಳನ್ನು ಸಾಮಾನ್ಯ ಮತದಾರ ಬಿಡಿಸಿಕೊಳ್ಳಲಾರ. ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ತಿಳಿಯುವ ಹೊತ್ತಿಗೆ ಆ 15 ದಿನ ಮುಗಿದಿರುತ್ತದೆ.

ಆ ಕರಡು ಅರ್ಜಿಯನ್ನು ಓದಿದಾಗ ನಮಗೊಂದು ಅಚ್ಚರಿ. ಅಂಕಗಳು, ಅಣಕು ನ್ಯಾಯಾಲಯದ ಬಹುಮಾನ, ಕಂಪ್ಯೂಟರ್ ಜ್ಞಾನ ಎಲ್ಲವೂ ಇದ್ದವು. ಭಾಷೆಗಳ ಮುಂದೆ ಮಾತ್ರ ‘ಇಂಗ್ಲಿಷ್, ಕನ್ನಡ’ ಎಂದಷ್ಟೇ ಇತ್ತು. ಆಕೆ ಮನೆಯಲ್ಲಿ ಆಡುವುದು ಕೊಂಕಣಿ, ಪೇಟೆಯಲ್ಲಿ ತುಳು, ನೆರೆಮನೆಯವರೊಡನೆ ಮಲಯಾಳಂ. ಸುಳ್ಯದ ಗೆಳತಿಯರಿಂದ ಅರೆಭಾಷೆಯನ್ನೂ ಕಲಿತವಳು. ಮತಗಟ್ಟೆ ಅಧಿಕಾರಿಯ ಬಳಿ ಕುಳಿತು ಅಜ್ಜಿಯೊಬ್ಬಳ ವಯಸ್ಸನ್ನು ಸರಿಪಡಿಸಬೇಕಾದ ವಕೀಲೆಗೆ ಇದಕ್ಕಿಂತ ದೊಡ್ಡ ಅರ್ಹತೆ ಯಾವುದು? ಆ ಸಾಲನ್ನು ತುಂಬಿಸಿದೆವು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದೆವು. ವಕೀಲಿಕೆ ನಡೆಸುತ್ತಿರುವಾಗ ಪೂರ್ಣಾವಧಿಯ ಸಂಬಳದ ನೌಕರಿ ಮಾಡುವಂತಿಲ್ಲವೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ನೌಕರಿಗೆ ಸೇರಿದರೆ ಪರಿಷತ್ತಿಗೆ ತಿಳಿಸಿ ವಕೀಲಿಕೆಯನ್ನು ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಸಂಸ್ಥೆ ಕೊಡುವುದು ಸಂಬಳವೋ, ಪ್ರಕರಣಕ್ಕೆ ತಕ್ಕ ಶುಲ್ಕವೋ, ನ್ಯಾಯಾಲಯದಲ್ಲಿ ತಾನೇ ನಿಂತು ವಾದಿಸಬಹುದೋ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಕೇಳಿಕೊಳ್ಳುವುದು ಲೇಸು. ಸಂಸ್ಥೆಯ ಹಣ ಎಲ್ಲಿಂದ ಬರುತ್ತದೆ, ಯಾವುದಾದರೊಂದು ಪಕ್ಷದ ನೆರಳು ಅದರ ಮೇಲಿದೆಯೇ ಎಂಬುದನ್ನೂ ವಿಚಾರಿಸಬೇಕು. ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆಮನೆಗೆ ಹೋಗಿ ಜನರ ಖಾಸಗಿ ವಿವರ ಸಂಗ್ರಹಿಸಿದ ಆರೋಪವನ್ನು ಬೆಂಗಳೂರಿನ ಒಂದು ಸಂಸ್ಥೆ 2022ರಲ್ಲಿ ಎದುರಿಸಿತು. ಲಾಭರಹಿತ ಎಂಬ ಫಲಕ ಕಂಡೊಡನೆ ಕೈಮುಗಿಯಬೇಕಾಗಿಲ್ಲ.

ತಾಯಿಯ ಭಯಕ್ಕೆ ನಮ್ಮ ಉತ್ತರ ಇಷ್ಟೇ: ಮತದಾರನ ಹೆಸರು ಉಳಿಸುವುದು ಪಕ್ಷ ರಾಜಕೀಯವಲ್ಲ, ಆತ ಯಾರಿಗೆ ಮತ ಹಾಕುತ್ತಾನೆಂದು ವಕೀಲೆ ಕೇಳುವುದೂ ಇಲ್ಲ. ಆದರೆ ‘ನಮ್ಮವರ’ ಹೆಸರು ಮಾತ್ರ ಉಳಿಸಲು ಹೊರಟರೆ ಅದು ರಾಜಕೀಯವೇ ಆದೀತು. ನಮ್ಮ ಸಮುದಾಯದ ಪತ್ರಗಳಲ್ಲಿ, ಸಭೆಗಳಲ್ಲಿ ನಮ್ಮ ಮತಗಳ ಲೆಕ್ಕವನ್ನಷ್ಟೇ ಹಾಕುವ ಚಾಳಿ ನಮಗೆ ಹಿಡಿಸದು. ದಲಿತ ಕಾಲನಿಯ, ಬ್ಯಾರಿ ನೆರೆಯವನ, ಮಲೆಕುಡಿಯರ ಮನೆಯ ಹೆಸರು ಬಿಟ್ಟುಹೋದಾಗಲೂ ಈ ವಕೀಲೆ ಅಷ್ಟೇ ದೂರ ನಡೆಯಬೇಕು.

ನಮ್ಮ ಧರ್ಮಕೇಂದ್ರಗಳೂ ಕೈಜೋಡಿಸಬಹುದು. ವಾಳೆಯ ಗುರಿಕಾರರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ತೀರಿಕೊಂಡರು, ಯಾರು ಮದುವೆಯಾಗಿ ಹೋದರು ಎಂಬುದೆಲ್ಲ ಗೊತ್ತು. ಪುತ್ತೂರು, ಸುಳ್ಯಗಳ ಕಾನೂನು ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳನ್ನು ಭಾನುವಾರದ ಬಲಿಪೂಜೆಯ ಬಳಿಕ ಒಂದು ಮೇಜು ಹಾಕಿ ಕೂರಿಸಿ, ಪಟ್ಟಿ ಪರಿಶೀಲಿಸಲಿ, ನಮೂನೆ 6 ಹಾಗೂ 8ನ್ನು ತುಂಬಿಸಿಕೊಡಲಿ. ಅದೇ ಅನುಭವ ಮುಂದೆ ಅವರ ಅರ್ಜಿಯಲ್ಲಿ ಒಂದು ಸಾಲಾಗುತ್ತದೆ, ಬಹುಮಾನಗಳ ಸಾಲಿಗಿಂತ ತೂಕದ ಸಾಲು.

ಯುವತಿಯ ಅರ್ಜಿ ಹೋಗಿದೆ, ಸಂದರ್ಶನದ ಕರೆ ಇನ್ನೂ ಬಂದಿಲ್ಲ. ತಂದೆ ಈಗ ವೋಟರ್ ಲಿಸ್ಟಿನ ಮಾತು ಬಿಟ್ಟು ಸಂಬಳ ಎಷ್ಟೆಂದು ಕೇಳುತ್ತಿದ್ದಾರೆ. ಅಡಿಕೆ ತೋಟದ ಸಾಲ ಅವರ ತಲೆಯ ಮೇಲಿದೆ, ಕೇಳುವುದು ನ್ಯಾಯವೇ. ಇಂಥ ಸಂಸ್ಥೆಗಳು ನಮ್ಮ ಮಕ್ಕಳನ್ನು ಅರೆಹೊಟ್ಟೆಯಲ್ಲಿ ದುಡಿಸಬಾರದೆಂದು ನಾವೂ ಹೇಳುತ್ತೇವೆ.