ಹಿಂಬದಿಯ ಗಾಳಿ ಶಾಕ್ ಅಬ್ಸಾರ್ಬರ್ ಮತ್ತು ವರ್ತಕರ ಲೆಕ್ಕಪುಸ್ತಕ

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಮುಂದೆ ಇಂದು ಕೈಬದಲಾದ ವಿದೇಶಿ ಐಷಾರಾಮಿ ಕಾರುಗಳು ನಿಂತಿರುವುದು ಅಪರೂಪವೇನಲ್ಲ. ಎಂಟು ಹತ್ತು ವರ್ಷ ಓಡಿದ ಇಂತಹ ಕಾರನ್ನು ಸಾಧಾರಣ ಹೊಸ ಕಾರಿನ ಬೆಲೆಗೆ ಕೊಂಡ ವರ್ತಕರು ಲಾಭದ ವ್ಯಾಪಾರವಾಯಿತೆಂದು ಭಾವಿಸುತ್ತಾರೆ. ಒಂದು ಬೆಳಿಗ್ಗೆ ಕಾರಿನ ಹಿಂಭಾಗ ನೆಲದತ್ತ ಕುಸಿದಿರುವುದನ್ನು ಕಂಡಾಗ ಆ ವ್ಯಾಪಾರದ ಉಳಿದರ್ಧ ಬೆಳಕಿಗೆ ಬರುತ್ತದೆ.

ಇಂತಹ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ರಬ್ಬರಿನ ಗಾಳಿಚೀಲ ಭಾರವನ್ನು ಹೊರುತ್ತದೆ. ಕಾಲಕ್ರಮದಲ್ಲಿ ರಬ್ಬರು ಬಿರುಕುಬಿಟ್ಟು ಗಾಳಿ ಸೋರುತ್ತದೆ. ಕಡಿಮೆಯಾದ ಗಾಳಿಯನ್ನು ತುಂಬಲು ಕಂಪ್ರೆಸರ್ ಪದೇಪದೇ ಓಡಿ, ಕಡೆಗೆ ಅದೂ ಸುಟ್ಟುಹೋಗುತ್ತದೆ. ಸೋರಿಕೆಯನ್ನು ಕಡೆಗಣಿಸಿದವರಿಗೆ ಎರಡು ಖರ್ಚು. ಸಾಬೂನು ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಆಗಲೇ ಪತ್ತೆಹಚ್ಚಿಸಿದವರಿಗೆ ಒಂದೇ.

ಅಧಿಕೃತ ಸರ್ವಿಸ್ ಕೇಂದ್ರದ ಅಂದಾಜುಪಟ್ಟಿಗೆ ಗಾಬರಿಗೊಂಡ ಮಾಲೀಕರು ಜೆ.ಸಿ. ರಸ್ತೆ, ಕಲಾಸಿಪಾಳ್ಯಗಳ ಬಿಡಿಭಾಗದ ಅಂಗಡಿಗಳತ್ತ ಹೊರಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಅಲ್ಲಿನ ಅನುಭವಿ ವರ್ತಕರಿಗೆ ಯಾವ ಮಾದರಿಗೆ ಯಾವ ಭಾಗ ಎಂಬುದು ಬಾಯಿಪಾಠವಿರುತ್ತದೆ. ಎರಡೂ ಬದಿಗೆ ಒಂದೇ ವಯಸ್ಸಾಗಿರುವುದರಿಂದ ಜೋಡಿಯಾಗಿ ಬದಲಾಯಿಸುವುದೇ ಲೇಸು. ಕೊಳವೆ ಬಿಚ್ಚುವ ಮೊದಲು ಒತ್ತಡವನ್ನು ಇಳಿಸಬೇಕು; ಹೊಸ ಚೀಲಕ್ಕೆ ಗಾಳಿ ತುಂಬುವ ಮೊದಲೇ ಕಾರನ್ನು ಜಾಕಿನಿಂದ ಇಳಿಸಿದರೆ ರಬ್ಬರು ಮಡಚಿ ಹಾಳಾಗಬಹುದು. ಇಂತಹ ಅವಸರದ ಕೆಲಸಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಎದ್ದಾಗ ಕೈಯಲ್ಲಿ ಬಿಲ್ಲು ಇರುವುದಿಲ್ಲ. ಆಕ್ಷೇಪವಿರುವುದು ಅಗ್ಗದ ಖರೀದಿಗಲ್ಲ, ಬಿಲ್ಲಿಲ್ಲದ ಖರೀದಿಗೆ.

ಬಿಲ್ಲು ತಪ್ಪಿಸಲು ಹಿಂದೆ ಒಂದು ನೆಪವಿತ್ತು. ಶಾಕ್ ಅಬ್ಸಾರ್ಬರ್ ಮೇಲೆ ಸರಕು ಮತ್ತು ಸೇವಾ ತೆರಿಗೆ ಶೇಕಡಾ 28, ದುರಸ್ತಿ ಕೂಲಿಯ ಮೇಲೆ ಶೇಕಡಾ 18. ಎರಡನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದರೆ ಆಯಾ ದರವೇ ಅನ್ವಯವೆಂದು 2018ರ ಜೂನ್ ತಿಂಗಳ ಸುತ್ತೋಲೆ ತಿಳಿಸಿತ್ತು. ಹೀಗಾಗಿ ಭಾಗದ ಬೆಲೆಯನ್ನು ಇಳಿಸಿ ಕೂಲಿಯನ್ನು ಏರಿಸುವ ಆಮಿಷಕ್ಕೆ ಎಡೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಕ್ಕೂ ಶೇಕಡಾ 18 ಆಗಿರುವುದರಿಂದ ಆ ಚಮತ್ಕಾರಕ್ಕೆ ಈಗ ಅರ್ಥವಿಲ್ಲ.

ಆದರೆ ಬಿಲ್ಲು ಪಡೆದ ಮಾತ್ರಕ್ಕೆ ಹೂಡುವಳಿ ತೆರಿಗೆ ದೊರೆಯುತ್ತದೆಂಬ ನಂಬಿಕೆಯೂ ಅಪಾಯಕಾರಿ. ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಗೆ, ಟ್ಯಾಕ್ಸಿ ವ್ಯವಹಾರದಂತಹ ಕೆಲವು ಸಂದರ್ಭಗಳನ್ನು ಬಿಟ್ಟು, ಈ ಸೌಲಭ್ಯವನ್ನು ಕಾನೂನೇ ನಿರ್ಬಂಧಿಸಿದೆ. ಸರಕು ಸಾಗಿಸುವ ವಾಹನಕ್ಕೆ ಈ ನಿರ್ಬಂಧವಿಲ್ಲ. ಒಂದೇ ಗ್ಯಾರೇಜಿನಿಂದ ಬಂದ ವ್ಯಾನಿನ ಬಿಲ್ಲನ್ನೂ ಮಾಲೀಕರ ಕಾರಿನ ಬಿಲ್ಲನ್ನೂ ಗುಮಾಸ್ತರು ಒಟ್ಟಿಗೆ ನಮೂದಿಸಿಬಿಡುವುದುಂಟು. ಪರಿಶೀಲನೆಯ ದಿನ ತೆರಿಗೆಯೊಡನೆ ಬಡ್ಡಿಯನ್ನೂ ತೆರಬೇಕಾದವರು ಮಾಲೀಕರೇ.

ಆದಾಯ ತೆರಿಗೆಯ ವಿಷಯದಲ್ಲಿ ಸ್ಥಿತಿ ಸ್ವಲ್ಪ ಹಿತಕರವಾಗಿದೆ. ಇರುವ ಆಸ್ತಿಯನ್ನು ಕಾಪಾಡುವ ವೆಚ್ಚ ಬೇರೆ, ಹೊಸ ಆಸ್ತಿಯನ್ನು ತರುವ ವೆಚ್ಚ ಬೇರೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಶಾಕ್ ಅಬ್ಸಾರ್ಬರ್ ತಾನೇ ಒಂದು ಯಂತ್ರವಲ್ಲ, ಕಾರಿನ ಅಂಗ. ಆದ್ದರಿಂದ ಮೊತ್ತ ದೊಡ್ಡದೆಂಬ ಕಾರಣಕ್ಕೆ ಅದನ್ನು ಬಂಡವಾಳ ವೆಚ್ಚವೆಂದು ಬರೆಯುವ ಅಗತ್ಯ ಕಾಣುವುದಿಲ್ಲ. ಮನೆಯವರ ಬಳಕೆಯ ಪಾಲನ್ನು ಮಾತ್ರ ಪ್ರಾಮಾಣಿಕವಾಗಿ ಕಳೆಯಬೇಕು. ಮದುವೆ, ತೀರ್ಥಯಾತ್ರೆಗಳೂ ಅಂಗಡಿಯ ಖರ್ಚಿನಲ್ಲೇ ನಡೆದರೆ ಅಧಿಕಾರಿಗಳು ಕೇಳದೆ ಬಿಡುವುದಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದ ವೆಚ್ಚ ಸಾಮಾನ್ಯವಾಗಿ ಅಮಾನ್ಯವೆಂಬುದನ್ನೂ ಜೆ.ಸಿ. ರಸ್ತೆಗೆ ಹೊರಡುವ ಮೊದಲೇ ನೆನೆಯುವುದೊಳಿತು.

ಇನ್ನು ಹಳೆಯ ಕಾರನ್ನು ಕೊಳ್ಳಲು ಹೊರಟವರು ಅದನ್ನು ಸಂಜೆಯ ಸವಾರಿಯಲ್ಲಿ ನೋಡಿ ಒಪ್ಪಬಾರದು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಹಿಂದಿನಿಂದ ನೋಡಬೇಕು.