ಹವಾಯಿ ದುಬಾರಿಯಾದದ್ದು ಕಡಲಿನಿಂದಷ್ಟೇ ಅಲ್ಲ

ಅಮೆರಿಕದ ರಾಜ್ಯಗಳ ಜೀವನವೆಚ್ಚವನ್ನು ಯಾರು ಲೆಕ್ಕ ಹಾಕಿದರೂ ಹವಾಯಿಯ ಹೆಸರು ಮೇಲುಸಾಲಿನಲ್ಲೇ ಇರುತ್ತದೆ, ಎಷ್ಟೋ ಸಲ ಮೊದಲನೆಯದಾಗಿ. ಕಾರಣ ಕೇಳಿದರೆ ಸಿದ್ಧ ಉತ್ತರವೊಂದಿದೆ: ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳು, ಕ್ಯಾಲಿಫೋರ್ನಿಯಾದಿಂದ ಸುಮಾರು 3,900 ಕಿ.ಮೀ. ದೂರ, ಉಣ್ಣುವುದರಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು. ದೂರದ ಮಾತು ಸುಳ್ಳಲ್ಲ. ಆದರೆ ಈ ದುಬಾರಿಯ ದೊಡ್ಡ ಪಾಲು ಮನುಷ್ಯರೇ ಕಾನೂನು ಬರೆದು, ನೀರು ತಿರುಗಿಸಿ ಮಾಡಿಟ್ಟದ್ದು.

1920ರ ಜೋನ್ಸ್ ಕಾಯ್ದೆಯನ್ನೇ ನೋಡಿ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕನ್ನರ ಒಡೆತನದಲ್ಲಿರಬೇಕು, ಸಿಬ್ಬಂದಿಯೂ ಬಹುಪಾಲು ಅಮೆರಿಕನ್ನರೇ ಆಗಿರಬೇಕು. ಅಲ್ಲಿ ಹಡಗು ಕಟ್ಟುವ ಖರ್ಚು ಕೊರಿಯಾದ ಖರ್ಚಿಗಿಂತ ಹಲವು ಪಟ್ಟು ಹೆಚ್ಚು. ನಾವಿಕರ ಕೆಲಸ ಉಳಿಯಬೇಕು, ದೇಶಕ್ಕೆ ಸ್ವಂತ ಹಡಗುಗಳಿರಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಆ ರಕ್ಷಣೆಯ ಭಾರವನ್ನು ದ್ವೀಪದ ಮನೆಗಳು ದಿನಸಿಯ ಬೆಲೆಯಲ್ಲಿ ಹೊರಬೇಕೆನ್ನುವುದು ಮಾತ್ರ ನ್ಯಾಯವಲ್ಲ.

ಕರೆಂಟಿನ ಕಥೆಯೂ ಇದೇ. ಇಂದಿಗೂ ಬಹುಪಾಲು ವಿದ್ಯುತ್ತು ಹಡಗಿನಲ್ಲಿ ಬಂದ ತೈಲವನ್ನು ಉರಿಸಿಯೇ ತಯಾರಾಗುವುದರಿಂದ ಯೂನಿಟ್ ದರ ದೇಶದ ಸರಾಸರಿಯ ಎರಡು ಪಟ್ಟಿಗೂ ಮಿಗಿಲು.

ಊಟಕ್ಕೆ ಹೊರಗನ್ನು ನೆಚ್ಚುವ ಸ್ಥಿತಿಯೂ ಮೊದಲಿನಿಂದ ಇದ್ದದ್ದಲ್ಲ. ಮಲೆನಾಡಿನವರು ಎಲೆಯಿಂದ ಪತ್ರೊಡೆ ಮಾಡುವ ಕೆಸು ಹವಾಯಿಯ ಮೂಲನಿವಾಸಿಗಳಿಗೆ ಅನ್ನವಿದ್ದಂತೆ. ಗಡ್ಡೆಯನ್ನು ಬೇಯಿಸಿ, ಮರದ ಹಲಗೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿ, ನೀರು ಬೆರೆಸಿ ನಾದಿದರೆ ಬೂದು-ನೇರಳೆ ಬಣ್ಣದ ‘ಪೊಯ್’ ಆಗುತ್ತದೆ. ತೊರೆಯ ನೀರು ಸದಾ ಹರಿಯುವ ಗದ್ದೆಗಳಲ್ಲಿ ಕೆಸುವನ್ನು ಬೆಳೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಮಾವಿ ದ್ವೀಪದ ತೊರೆಗಳನ್ನು ಕಾಲುವೆ ತೋಡಿ ಕಬ್ಬಿನ ತೋಟಗಳಿಗೆ ತಿರುಗಿಸಲಾಯಿತು. ಕೆಳಗಿನ ಕೆಸುವಿನ ಗದ್ದೆಗಳು ಒಣಗಿದವು. ಅದೇ ಮಾವಿಯಲ್ಲಿ ರಾಜ್ಯದ ಕೊನೆಯ ಸಕ್ಕರೆ ಕಾರ್ಖಾನೆಯೂ 2016ರಲ್ಲಿ ಬಾಗಿಲು ಹಾಕಿತು. ತನ್ನನ್ನು ತಾನೇ ಸಾಕಿಕೊಂಡಿದ್ದ ನೆಲ ಹೀಗೆ ಹಡಗಿನ ದಾರಿ ಕಾಯುವಂತಾಯಿತು.

ಎಲ್ಲಕ್ಕಿಂತ ಹೆಚ್ಚು ಹಿಂಡುವುದು ಮನೆ. ಹೊನೊಲುಲು ಇರುವ ಒವಾಹು ದ್ವೀಪದಲ್ಲಿ ಒಂಟಿ ಮನೆಯೊಂದರ ಮಧ್ಯಮ ಬೆಲೆ 2021ರಲ್ಲೇ ಹತ್ತು ಲಕ್ಷ ಡಾಲರ್ ದಾಟಿತು. ಆಸ್ತಿ ತೆರಿಗೆ ದರ ದೇಶದಲ್ಲೇ ಅತಿ ಕಡಿಮೆ ಇರುವುದರಿಂದ, ಹೊರಗಿನ ಹಣವಂತರಿಗೆ ಇಲ್ಲೊಂದು ಮನೆ ಕೊಂಡಿಟ್ಟುಕೊಳ್ಳುವುದು ಹೊರೆಯೇ ಅಲ್ಲ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಲಾಭ ಬೇರೆ. 2023ರ ಆಗಸ್ಟ್‌ನಲ್ಲಿ ಮಾವಿಯ ಲಹೈನಾ ಪಟ್ಟಣ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಸೂರು ಕಳೆದುಕೊಂಡರು. ಅವರು ಹೋಟೆಲ್ ಕೋಣೆಗಳಲ್ಲಿ ತಿಂಗಳುಗಟ್ಟಲೆ ದಿನ ದೂಡಬೇಕಾಯಿತು. ಮನೆಗಳು ಯಾರಿಗಾಗಿ ಎಂಬ ಪ್ರಶ್ನೆ ಆಗ ಬೀದಿಗೆ ಬಂತು. ಸುಮಾರು 7,000 ಪ್ರವಾಸಿ ಫ್ಲಾಟುಗಳನ್ನು ನಿವಾಸಿಗಳ ವಾಸಕ್ಕೆ ಮರಳಿಸುವ ಪ್ರಸ್ತಾವವನ್ನು 2024ರಲ್ಲಿ ಮಾವಿಯ ಮೇಯರ್ ರಿಚರ್ಡ್ ಬಿಸ್ಸೆನ್ ಮುಂದಿಟ್ಟರು. ಪ್ರವಾಸೋದ್ಯಮ ಕುಸಿಯುತ್ತದೆ, ತೆರಿಗೆ ಖೋತಾ ಆಗುತ್ತದೆ ಎಂಬ ವಿರೋಧ ಬಂತು. ಆ ಭಯ ನಿಜವೇ. ಆದರೆ ಪ್ರವಾಸಿಗರ ಹಾಸಿಗೆ ಹಾಸುವವರಿಗೂ ಮಲಗಲು ಮನೆ ಬೇಕಲ್ಲ?

ಈ ದುಬಾರಿ ಬದುಕಿನ ಪರಿಣಾಮ 2020ರ ಜನಗಣತಿಯಲ್ಲೇ ಕಂಡಿತ್ತು. ಹವಾಯಿಯ ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಹವಾಯಿಯಲ್ಲಿ ಇರಲಿಲ್ಲ. ಎಷ್ಟೋ ಕುಟುಂಬಗಳು ನೆವಾಡಾದ ಮರುಭೂಮಿಯಲ್ಲಿರುವ ಲಾಸ್ ವೇಗಸ್‌ಗೆ ಹೋಗಿ ನೆಲೆಸಿವೆ.

ಜೋನ್ಸ್ ಕಾಯ್ದೆ ತಿದ್ದಲು ವಾಷಿಂಗ್ಟನ್ ಮನಸ್ಸು ಮಾಡಬೇಕು. ಆದರೆ ಅಂಗಡಿಯ ಅಕ್ಕಿಗೂ ಮಗುವಿನ ಹಾಲಿಗೂ ಬೀಳುವ ಶೇ 4ರ ರಾಜ್ಯ ತೆರಿಗೆ, ಒವಾಹುವಿನಲ್ಲಿ ಸರ್‌ಚಾರ್ಜ್ ಸೇರಿ ಶೇ 4.5, ಹೊನೊಲುಲುವಿನಲ್ಲಿ ಕೂರುವ ರಾಜ್ಯದ ಶಾಸಕರ ಕೈಯಲ್ಲೇ ಇದೆ. ಮನೆ ಬಾಡಿಗೆಯ ಆದಾಯಕ್ಕೂ ಅದೇ ತೆರಿಗೆ. ಮಾಲೀಕರು ಅದನ್ನು ಬಾಡಿಗೆದಾರರ ಮೇಲೆಯೇ ಹಾಕುತ್ತಾರೆ. ಬೇರೆ ಬಹಳಷ್ಟು ರಾಜ್ಯಗಳು ದಿನಸಿಗೆ ಮಾರಾಟ ತೆರಿಗೆಯಿಂದ ವಿನಾಯಿತಿ ಕೊಟ್ಟಿವೆ. ಹವಾಯಿ ಮೊದಲು ಮಾಡಬೇಕಾದ ಕೆಲಸ ಅದು.